ಸೀಟಿ ಕೂಗುವ ಸಾಧನಗಳು: ಡ್ರೈವರ್ ಇಂಟರಪ್ಟನ್ನು ನಿಭಾಯಿಸುವ ಬಗೆ

ಒಲೆಯ ಮೇಲೆ ಹಾಲಿಟ್ಟವರು ಅದರ ಎದುರೇ ನಿಂತಿರಬೇಕು. ಒಂದು ಗಳಿಗೆ ಮುಖ ತಿರುಗಿಸಿದರೂ ಹಾಲು ಉಕ್ಕಿ ಒಲೆಯ ಪಾಲಾಗುತ್ತದೆ. ಕುಕ್ಕರಿನಲ್ಲಿ ಅಕ್ಕಿ ಇಟ್ಟವರಿಗೆ ಈ ಕಷ್ಟವಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿರಬಹುದು. ಸೀಟಿ ಕೇಳಿದಾಗ ಓದುತ್ತಿದ್ದ ಸಾಲನ್ನು ಗುರುತು ಮಾಡಿಕೊಂಡು ಎದ್ದು, ಒಲೆ ಆರಿಸಿ ಬಂದು, ಮತ್ತೆ ಅದೇ ಸಾಲಿನಿಂದ ಓದನ್ನು ಮುಂದುವರಿಸಬಹುದು. ಗಣಕದ ಪ್ರೊಸೆಸರ್ ತನ್ನ ಸುತ್ತಲಿನ ಸಾಧನಗಳೊಡನೆ ವ್ಯವಹರಿಸುವ ಎರಡು ವಿಧಾನಗಳೂ ಇವೇ. ‘ಬಂತೇ, ಬಂತೇ’ ಎಂದು ಸಾಧನವನ್ನು ಪದೇ ಪದೇ ವಿಚಾರಿಸುವುದಕ್ಕೆ ಪೋಲಿಂಗ್ ಎಂದು ಹೆಸರು. ಸಾಧನವೇ ಸಂಕೇತ ಕಳಿಸಿ ಪ್ರೊಸೆಸರನ್ನು ಕರೆಯುವುದು ಇಂಟರಪ್ಟ್.

ಇಂಟರಪ್ಟ್ ಎಂಬುದನ್ನು ಕನ್ನಡದಲ್ಲಿ ‘ಅಡ್ಡಿ’ ಎನ್ನಬಹುದು. ಆದರೆ ಆ ಪದದಲ್ಲಿ ಬೇಡದ ಅತಿಥಿಯ ಧ್ವನಿಯಿದೆ. ಇಲ್ಲಿಯದು ಕಾದು ಕುಳಿತಿದ್ದ ಕರೆ. ಆದ್ದರಿಂದ ಈ ಲೇಖನದಲ್ಲಿ ಇಂಟರಪ್ಟ್ ಎಂದೇ ಬಳಸುತ್ತೇನೆ.

ಕರೆ ಬಂದಾಗ ಓಗೊಡುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು. ಅದರೊಳಗೆ ಒಂದೊಂದು ಸಾಧನಕ್ಕೂ ಒಂದೊಂದು ಚಾಲಕ ತಂತ್ರಾಂಶ, ಅಂದರೆ ಡಿವೈಸ್ ಡ್ರೈವರ್ ಇರುತ್ತದೆ. ಅದನ್ನು ಬರೆಯುವವರು ಎದುರಿಸುವ ಸಮಸ್ಯೆಗಳು ಬಹುಪಾಲು ಕಾಲಕ್ಕೆ ಸಂಬಂಧಿಸಿದವು. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಗೈಗರ್ ಮುಲ್ಲರ್ ಗಣಕದೊಡನೆ ಒಂದು ಮಧ್ಯಾಹ್ನ ಕಳೆದ ವಿದ್ಯಾರ್ಥಿಗೆ ಇವು ಹೊಸತೆನಿಸಲಾರವು.

ಅಕ್ಷರಕ್ಕೆ 87 ಮೈಕ್ರೋಸೆಕೆಂಡ್

ಸರಳವಾದ ಒಂದು ಸಾಧನವನ್ನು ತೆಗೆದುಕೊಳ್ಳೋಣ: ಸೀರಿಯಲ್ ಪೋರ್ಟ್. ಅಳತೆಯ ಉಪಕರಣಗಳು ತಮ್ಮ ಪಾಠಗಳನ್ನು ಗಣಕಕ್ಕೆ ಒಪ್ಪಿಸುತ್ತಿದ್ದುದು ಬಹುಕಾಲ ಇದರ ಮೂಲಕವೇ. ಮನೆಯ ಗಣಕಗಳಿಂದ ಇದು ಮಾಯವಾಗಿದ್ದರೂ ಸರ್ವರ್‌ಗಳಲ್ಲಿ, ಸಣ್ಣ ನಿಯಂತ್ರಣ ಫಲಕಗಳಲ್ಲಿ, ಮಿಥ್ಯಾ ಗಣಕಗಳ ಒಳಗೆ ಇಂದಿಗೂ ಜೀವಂತವಾಗಿದೆ. ಲಿನಕ್ಸ್‌ನಲ್ಲಿ ಇದರ ಡ್ರೈವರ್‌ನ ಹೆಸರು ಈಗಲೂ 8250. ಅದು 1981ರ ಐಬಿಎಂ ಪರ್ಸನಲ್ ಕಂಪ್ಯೂಟರ್‌ನಲ್ಲಿದ್ದ ಚಿಪ್ಪಿನ ಸಂಖ್ಯೆ!

ಸೀರಿಯಲ್ ತಂತಿಯಲ್ಲಿ ಸೆಕೆಂಡಿಗೆ 1,15,200 ಬಿಟ್‌ಗಳು ಬರುತ್ತಿವೆ ಎನ್ನಿ. ಒಂದು ಅಕ್ಷರಕ್ಕೆ 8 ದತ್ತಾಂಶದ ಬಿಟ್, ಆರಂಭಕ್ಕೊಂದು, ಮುಕ್ತಾಯಕ್ಕೊಂದು, ಒಟ್ಟು 10 ಬಿಟ್ ಬೇಕು. ಎಂದರೆ ಸೆಕೆಂಡಿಗೆ 11,520 ಅಕ್ಷರಗಳು. ಎರಡು ಅಕ್ಷರಗಳ ನಡುವಿನ ಕಾಲ ಸುಮಾರು 87 ಮೈಕ್ರೋಸೆಕೆಂಡ್. ಮನುಷ್ಯರಿಗೆ ಇದು ಕಣ್ಣೆವೆ ಇಕ್ಕುವಷ್ಟೂ ಅಲ್ಲ. ಆದರೆ 1 ಗಿಗಾಹರ್ಟ್ಸ್‌ನ ಪ್ರೊಸೆಸರ್ ಅಷ್ಟರಲ್ಲಿ 87 ಸಾವಿರ ಬಾರಿ ಮಿಡಿದಿರುತ್ತದೆ. ಈ ಅವಧಿಯನ್ನೆಲ್ಲ ‘ಬಂತೇ’ ಎಂದು ಕೇಳುವುದರಲ್ಲೇ ಕಳೆದರೆ ಬೇರೆ ಕೆಲಸಕ್ಕೆ ಪುರುಸೊತ್ತೆಲ್ಲಿ? ಅಪರೂಪಕ್ಕೆ ಕೇಳಿದರೆ ಇನ್ನೊಂದು ಅಪಾಯ. 8250 ಚಿಪ್ಪಿನಲ್ಲಿ ಬಂದಿಳಿದ ಅಕ್ಷರಕ್ಕೆ ಇದ್ದುದು ಒಂದೇ ಒಂದು ಖಾನೆ. ಅದನ್ನು ಎತ್ತಿಕೊಳ್ಳುವ ಮೊದಲೇ ಮುಂದಿನದು ಬಂದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಚಿಪ್ಪು ತನ್ನ ಸ್ಥಿತಿ ಸೂಚಕ ರಿಜಿಸ್ಟರಿನಲ್ಲಿ ‘ಒಂದು ತಪ್ಪಿಹೋಯಿತು’ ಎಂಬ ಬಿಟ್ಟನ್ನು ಏರಿಸುತ್ತದೆ. ತಪ್ಪಿಹೋದದ್ದು ಯಾವ ಅಕ್ಷರ ಎಂಬುದನ್ನು ಮಾತ್ರ ಯಾರೂ ಹೇಳಲಾರರು. 10472 ಎಂಬ ಎಣಿಕೆಯಲ್ಲಿ ನಡುವಿನ ಸೊನ್ನೆ ಬಿದ್ದುಹೋದರೆ ಅದು 1472 ಆಗುತ್ತದೆ. ನೋಡಲು ಅದೂ ಒಂದು ಸಭ್ಯವಾದ ಸಂಖ್ಯೆಯೇ.

ನಂತರದ 16550ಎ ಚಿಪ್ಪಿನಲ್ಲಿ 16 ಖಾನೆಗಳ ಸಾಲನ್ನು ಅಳವಡಿಸಿದರು. ಎಷ್ಟು ಖಾನೆ ತುಂಬಿದಾಗ ಕರೆ ಕೊಡಬೇಕು ಎಂಬುದನ್ನು ಡ್ರೈವರ್ ನಿಗದಿ ಮಾಡಬಹುದು: 1, 4, 8 ಅಥವಾ 14. ಹದಿನಾಲ್ಕನ್ನು ಆರಿಸಿದಿರಿ ಎನ್ನೋಣ. ಸೆಕೆಂಡಿಗೆ 11,520 ಕರೆಗಳ ಬದಲು ಸುಮಾರು 823 ಕರೆಗಳು ಸಾಕು. ಆದರೆ ಕರೆ ಹೊರಟ ಮೇಲೆ ಉಳಿದಿರುವುದು ಎರಡೇ ಖಾನೆ. ಆಮೇಲಿನ ಮೂರನೆಯ ಅಕ್ಷರ ಪೂರ್ತಿ ಬಂದಿಳಿಯುವುದರೊಳಗೆ, ಅಂದರೆ ಸುಮಾರು 260 ಮೈಕ್ರೋಸೆಕೆಂಡಿನಲ್ಲಿ, ಡ್ರೈವರ್ ಓಗೊಡಲೇಬೇಕು. ಎಂಟನ್ನು ಆರಿಸಿದರೆ ಕರೆಗಳು 1,440 ಆಗುತ್ತವೆ, ಬಿಡುವು 780 ಮೈಕ್ರೋಸೆಕೆಂಡಿಗೆ ಏರುತ್ತದೆ. ಕರೆಗಳ ಸಂಖ್ಯೆ ಮತ್ತು ಬಿಡುವು, ಇವೆರಡರಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕು. ಡ್ರೈವರ್ ಬರೆಯುವವರ ಮೊದಲ ಲೆಕ್ಕ ಇದೇ.

ಇಲ್ಲೊಂದು ಸಂದೇಹ ನಿಮಗೆ ಬಂದಿರಬೇಕು. ಉಪಕರಣ ಐದೇ ಅಕ್ಷರ ಕಳಿಸಿ ಸುಮ್ಮನಾದರೆ? ಹದಿನಾಲ್ಕು ತುಂಬುವುದೇ ಇಲ್ಲ, ಕರೆಯೂ ಬರುವುದಿಲ್ಲ. ಚಿಪ್ಪಿನ ವಿನ್ಯಾಸಕಾರರು ಇದನ್ನು ಮರೆತಿಲ್ಲ. ಖಾನೆಯಲ್ಲಿ ಏನಾದರೂ ಇದ್ದು, ನಾಲ್ಕು ಅಕ್ಷರಗಳಷ್ಟು ಕಾಲ ಹೊಸದೇನೂ ಬರದೆ, ಇದ್ದದ್ದನ್ನು ಯಾರೂ ತೆಗೆಯದೆ ಇದ್ದರೆ ಚಿಪ್ಪು ತಾನಾಗಿಯೇ ಕರೆಯುತ್ತದೆ. ಊಟಕ್ಕೆ ಪಂಕ್ತಿ ಭರ್ತಿಯಾಗದಿದ್ದರೂ ಕುಳಿತವರಿಗೆ ಬಡಿಸಿಬಿಡುವ ಹಾಗೆ.

ಕರೆ ತಲುಪುವ ದಾರಿ

ಸಾಧನದ ಸಂಕೇತ ನೇರವಾಗಿ ಪ್ರೊಸೆಸರಿಗೆ ಹೋಗುವುದಿಲ್ಲ. ನಡುವೆ ಇಂಟರಪ್ಟ್ ನಿಯಂತ್ರಕವೆಂಬ ದ್ವಾರಪಾಲಕ ಇರುತ್ತಾನೆ. ಮೊದಲ ಪರ್ಸನಲ್ ಕಂಪ್ಯೂಟರ್‌ಗಳಲ್ಲಿ ಈ ಕೆಲಸ ಮಾಡಿದ್ದು ಎಂಟು ತಂತಿಗಳ 8259ಎ ಚಿಪ್ಪು. 1984ರ ಎಟಿ ಮಾದರಿಯಲ್ಲಿ ಇಂಥವೆರಡನ್ನು ಜೋಡಿಸಿದರು. ಎರಡನೆಯದನ್ನು ಮೊದಲನೆಯದಕ್ಕೆ ಕಟ್ಟಲು ಒಂದು ತಂತಿ ಹೋಗಿ, ಸಾಧನಗಳಿಗೆ ಸಿಕ್ಕಿದ್ದು 15. ಸೊನ್ನೆಯ ತಂತಿ ಕಾಲಸೂಚಕಕ್ಕೆ, ಒಂದು ಕೀಲಿಮಣೆಗೆ, ನಾಲ್ಕು ಮೊದಲ ಸೀರಿಯಲ್ ಪೋರ್ಟಿಗೆ. ಯಾವ ತಂತಿಯ ಕರೆಗೆ ಆದ್ಯತೆ, ಯಾವುದನ್ನು ಸದ್ಯಕ್ಕೆ ತಡೆದಿಡಬೇಕು ಎಂಬುದನ್ನು ಈ ದ್ವಾರಪಾಲಕ ನೋಡಿಕೊಳ್ಳುತ್ತಾನೆ.

ಕರೆ ಪ್ರೊಸೆಸರಿಗೆ ತಲುಪಿದಾಗ ಅದು ಕೈಯಲ್ಲಿರುವ ಆದೇಶವನ್ನು ಮುಗಿಸುತ್ತದೆ. ಮುಂದಿನ ಆದೇಶದ ವಿಳಾಸವನ್ನೂ ತನ್ನ ಸ್ಥಿತಿಯ ಬಾವುಟಗಳನ್ನೂ ಸ್ಮೃತಿಯ ಸ್ಟ್ಯಾಕ್‌ನಲ್ಲಿ ಇಡುತ್ತದೆ. ಇದು ಪತ್ರಿಕೆಯ ಸಾಲಿಗೆ ಗುರುತು ಮಾಡಿಕೊಂಡಂತೆ. ಆಮೇಲೆ ಇನ್ನಷ್ಟು ಕರೆಗಳಿಗೆ ಬಾಗಿಲು ಮುಚ್ಚಿ, ದ್ವಾರಪಾಲಕ ಕೊಟ್ಟ ಸಂಖ್ಯೆಯನ್ನು ಹಿಡಿದು ಒಂದು ಕೋಷ್ಟಕಕ್ಕೆ ಹೋಗುತ್ತದೆ. 8086 ಪ್ರೊಸೆಸರಿನಲ್ಲಿ ಈ ಕೋಷ್ಟಕ ಸ್ಮೃತಿಯ ಸೊನ್ನೆ ವಿಳಾಸದಲ್ಲೇ ಆರಂಭವಾಗುತ್ತಿತ್ತು: 256 ನಮೂದುಗಳು, ಒಂದೊಂದಕ್ಕೆ 4 ಬೈಟ್, ಸರಿಯಾಗಿ 1 ಕಿಲೋಬೈಟ್. ಆ ಸಂಖ್ಯೆಗೆ ಎದುರಾಗಿ ಬರೆದಿರುವ ವಿಳಾಸದಲ್ಲಿ ಇರುವುದೇ ಕರೆಗೆ ಉತ್ತರಿಸುವ ಕ್ರಮವಿಧಿ. ಅದನ್ನು ಹ್ಯಾಂಡ್ಲರ್ ಎನ್ನುತ್ತಾರೆ. ಹ್ಯಾಂಡ್ಲರ್‌ನ ಕೆಲಸ ಮುಗಿದ ಮೇಲೆ ಎತ್ತಿಟ್ಟದ್ದನ್ನೆಲ್ಲ ಹಿಂದಕ್ಕೆ ಪಡೆದು ಪ್ರೊಸೆಸರ್ ಮೊದಲಿನ ಕೆಲಸಕ್ಕೆ ಮರಳುತ್ತದೆ. ತಡೆಯಲ್ಪಟ್ಟ ಕ್ರಮವಿಧಿಗೆ ನಡುವೆ ಏನಾಯಿತೆಂಬುದು ತಿಳಿಯುವುದೇ ಇಲ್ಲ. ತಿಳಿಯಬಾರದು ಕೂಡ.

ಹೊಸ ಗಣಕಗಳಲ್ಲಿ ತಂತಿಯ ಬದಲು ಸಂದೇಶ ಬಂದಿದೆ. ಸಾಧನವು ನಿಗದಿಯಾದ ಒಂದು ವಿಳಾಸಕ್ಕೆ ನಿಗದಿಯಾದ ಒಂದು ಸಂಖ್ಯೆಯನ್ನು ಬರೆದರೆ ಅದೇ ಕರೆ. ಹೀಗಾಗಿ ಒಂದೇ ಸಾಧನ 2,048ರವರೆಗೆ ಬೇರೆ ಬೇರೆ ಕರೆಗಳನ್ನು ಹೊಂದಬಹುದು. ಒಂದೊಂದನ್ನೂ ಬೇರೆ ಬೇರೆ ಪ್ರೊಸೆಸರಿಗೆ ಕಳಿಸಬಹುದು. ಆದರೂ ಹ್ಯಾಂಡ್ಲರ್ ಬರೆಯುವ ಕಷ್ಟ ಹಾಗೆಯೇ ಇದೆ.

ಡೈಕ್‌ಸ್ಟ್ರಾ ಹೆದರಿದ್ದೇಕೆ?

ಹೊರಗಿನ ಸಾಧನದ ಕರೆಗೆ ಪ್ರೊಸೆಸರ್ ಕೆಲಸ ನಿಲ್ಲಿಸಿ ಓಗೊಡುವ ಏರ್ಪಾಡು ಮೊದಲು ಕಾಣಿಸಿದ್ದು 1954ರ ಡೈಸಿಯಾಕ್ ಎಂಬ ಗಣಕದಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು ಸೇನೆಗಾಗಿ ಕಟ್ಟಿ, ಲಾರಿ ಎಳೆಯುವ ಬಂಡಿಯೊಳಗೆ ಕೂರಿಸಿತ್ತು. ಕೆಲವು ವರ್ಷಗಳ ನಂತರ ನೆದರ್ಲೆಂಡ್ಸ್‌ನಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬ ಇಂಜಿನಿಯರುಗಳು ಎಕ್ಸ್-1 ಗಣಕವನ್ನು ವಿನ್ಯಾಸಗೊಳಿಸುತ್ತಿದ್ದಾಗ ಅದರಲ್ಲೂ ಇಂಟರಪ್ಟ್ ಇರಲಿ ಎಂದರು. ಅದಕ್ಕೆ ತಂತ್ರಾಂಶ ಬರೆಯಬೇಕಾಗಿದ್ದವರು ಎಡ್ಸ್‌ಗರ್ ಡೈಕ್‌ಸ್ಟ್ರಾ. ಲೈಡನ್‌ನಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ಓದಿ ಗಣಕದ ಕಡೆಗೆ ಹೊರಳಿದವರು ಇವರು. ಪ್ರಸ್ತಾವವನ್ನು ಕೇಳಿ ತಾವು ಗಾಬರಿಯಾದದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಅವರ ಭಯ ಯಂತ್ರ ಕೆಡುವುದರ ಬಗ್ಗೆ ಆಗಿರಲಿಲ್ಲ. ಅಲ್ಲಿಯವರೆಗೆ ಒಂದೇ ಕ್ರಮವಿಧಿಗೆ ಒಂದೇ ದತ್ತಾಂಶ ಕೊಟ್ಟರೆ ಗಣಕ ಪ್ರತಿ ಬಾರಿಯೂ ಒಂದೇ ಹಾದಿಯಲ್ಲಿ ನಡೆಯುತ್ತಿತ್ತು. ತಪ್ಪಿದ್ದರೆ ಮತ್ತೊಮ್ಮೆ ನಡೆಸಿ ಹಿಡಿಯಬಹುದಾಗಿತ್ತು. ಇಂಟರಪ್ಟ್ ಬಂದ ಮೇಲೆ ಹಾಗಲ್ಲ. ಕರೆ ಯಾವ ಎರಡು ಆದೇಶಗಳ ನಡುವೆ ಬರುತ್ತದೆಂಬುದು ಹೊರಗಿನ ಜಗತ್ತಿಗೆ ಬಿಟ್ಟದ್ದು. ತಪ್ಪು ಒಮ್ಮೆ ತಲೆದೋರಿ ಮತ್ತೆ ಕಾಣಿಸದೆ ಹೋಗಬಹುದು. ಪುನರಾವರ್ತಿಸಲಾಗದ ದೋಷಕ್ಕಿಂತ ದೊಡ್ಡ ತಲೆನೋವು ಪ್ರಯೋಗ ಮಾಡುವವರಿಗೆ ಬೇರೇನಿದೆ? ಆದರೂ ಡೈಕ್‌ಸ್ಟ್ರಾ ಆ ಕೆಲಸವನ್ನು ಕೈಗೆತ್ತಿಕೊಂಡರು. ಯಾವ ಕ್ಷಣದಲ್ಲಿ ಕರೆ ಬಂದರೂ ಸರಿಯಾಗಿ ನಡೆಯುತ್ತದೆಂದು ತರ್ಕದಿಂದ ತೋರಿಸಬಹುದಾದ ಕ್ರಮವಿಧಿ ಬರೆದರು. 1959ರ ಅವರ ಡಾಕ್ಟರೇಟ್ ಪ್ರಬಂಧದ ವಸ್ತು ಇದೇ. ಪರೀಕ್ಷಿಸಿ ಸರಿಯೆಂದುಕೊಳ್ಳುವುದು ಇಲ್ಲಿ ಸಾಲದು, ಯೋಚಿಸಿ ಸರಿಮಾಡಬೇಕು ಎಂಬ ಅವರ ನಿಲುವು ನನಗೆ ಇಂದಿಗೂ ಒಪ್ಪಿಗೆ.

ಹ್ಯಾಂಡ್ಲರ್‌ನ ಒಳಗೆ

ಲಿನಕ್ಸ್‌ನಲ್ಲಿ ಡ್ರೈವರ್ ಮೊದಲು ತನ್ನ ತಂತಿಯ ಸಂಖ್ಯೆಯನ್ನೂ ಹ್ಯಾಂಡ್ಲರ್‌ನ ವಿಳಾಸವನ್ನೂ ಕರ್ನೆಲ್‌ನಲ್ಲಿ ನೋಂದಾಯಿಸುತ್ತದೆ. ನೋಂದಣಿಗೆ ಮುಂಚೆಯೇ ಸಾಧನದಲ್ಲಿ ಕರೆಯನ್ನು ಚಾಲೂ ಮಾಡಬಾರದು. ಕೇಳುವವರಿಲ್ಲದ ಕರೆ ಏನು ಮಾಡುತ್ತದೆಂಬುದು ಮುಂದೆ ಬರುತ್ತದೆ.

ಕರೆ ಬಂದಾಗ ಹ್ಯಾಂಡ್ಲರ್ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ‘ಇದು ನನ್ನದೇ?’ ಪಿಸಿಐ ಗಣಕಗಳಲ್ಲಿ ಒಂದೇ ತಂತಿಗೆ ಹಲವು ಸಾಧನಗಳು ಜೋಡಿಸಲ್ಪಟ್ಟಿರುತ್ತವೆ. ಒಂದೇ ಕರೆಗಂಟೆಯನ್ನು ಹಂಚಿಕೊಂಡ ನಾಲ್ಕು ಮನೆಗಳ ವಠಾರ ಇದ್ದಂತೆ. ಗಂಟೆ ಬಾರಿಸಿದಾಗ ಎಲ್ಲರೂ ಎದ್ದು ನೋಡಬೇಕು. ತನ್ನ ಸಾಧನದ ಸ್ಥಿತಿ ರಿಜಿಸ್ಟರನ್ನು ಓದಿ, ತನ್ನದಲ್ಲವಾದರೆ ‘ನನ್ನದಲ್ಲ’ ಎಂದು ಹೇಳಿ ಹಿಂದಿರುಗಬೇಕು. ಸುಳ್ಳಾಡಿ ‘ನನ್ನದು’ ಎನ್ನುವ ಡ್ರೈವರ್ ಇಡೀ ವಠಾರಕ್ಕೆ ತೊಂದರೆ ತರುತ್ತದೆ.

ತನ್ನದಾದರೆ ಎರಡನೆಯ ಕೆಲಸ ಸಾಧನವನ್ನು ಸುಮ್ಮನಾಗಿಸುವುದು. ಇಲ್ಲಿ ಕರೆಗಳ ಎರಡು ಜಾತಿಗಳನ್ನು ಗುರುತಿಸಬೇಕು. ಕುಕ್ಕರಿನ ಸೀಟಿ ಒಮ್ಮೆ ಕೂಗಿ ನಿಲ್ಲುತ್ತದೆ, ಕೇಳಿಸಿಕೊಳ್ಳದಿದ್ದರೆ ಹೋಯಿತು. ಮಗುವಿನ ಅಳು ಹಾಗಲ್ಲ, ಎತ್ತಿಕೊಳ್ಳುವವರೆಗೆ ನಿಲ್ಲುವುದಿಲ್ಲ. ಹಳೆಯ ಐಎಸ್‌ಎ ಫಲಕಗಳದು ಸೀಟಿಯ ಜಾತಿ. ತಂತಿಯ ವೋಲ್ಟತೆ ಏರುವ ಅಂಚು ಮಾತ್ರ ಅಲ್ಲಿ ಕರೆ. ಪಿಸಿಐ ತಂತಿಗಳದು ಅಳುವಿನ ಜಾತಿ, ಅಂದರೆ ವೋಲ್ಟತೆಯ ಮಟ್ಟವೇ ಕರೆ. ಎರಡನೆಯದು ಕೇಳಲು ಹಿಂಸೆಯಾದರೂ ಹೆಚ್ಚು ನಂಬಿಕಸ್ಥ. ಆದರೆ ಅದರಲ್ಲಿ ಸಾಧನದ ಬೇಡಿಕೆಯನ್ನು ಪೂರೈಸದೆ ಹ್ಯಾಂಡ್ಲರ್ ಹಿಂದಿರುಗಿದರೆ ಬಾಗಿಲು ತೆರೆದ ಮರುಕ್ಷಣವೇ ಅದೇ ಕರೆ, ಮತ್ತೆ ಅದೇ, ಮತ್ತೆ ಅದೇ. ಪರದೆ ನಿಶ್ಚಲವಾಗುತ್ತದೆ, ಬಳಸುವವರ ಕಣ್ಣಿಗೆ ಗಣಕ ಸತ್ತಂತೆ, ಒಳಗೆ ಮಾತ್ರ ಅದು ಉಸಿರುಗಟ್ಟಿ ಓಡುತ್ತಿದೆ. ಇದನ್ನು ಇಂಟರಪ್ಟ್ ಬಿರುಗಾಳಿ ಎನ್ನುತ್ತಾರೆ. ಲಿನಕ್ಸ್ ಕರ್ನೆಲ್ ಇದರ ಮೇಲೊಂದು ಕಣ್ಣಿಟ್ಟಿರುತ್ತದೆ. ಒಂದು ತಂತಿಯ 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚಿನವನ್ನು ಯಾರೂ ‘ನನ್ನದು’ ಎನ್ನದಿದ್ದರೆ ಆ ತಂತಿಯನ್ನೇ ಮುಚ್ಚಿ, ‘ನೋಬಡಿ ಕೇರ್ಡ್’ ಎಂದು ದಾಖಲೆಯಲ್ಲಿ ಬರೆದಿಡುತ್ತದೆ. ಯಾರೂ ಕ್ಯಾರೇ ಅನ್ನಲಿಲ್ಲ ಎಂದರ್ಥ! ಕರ್ನೆಲ್ ಬರೆಯುವವರಿಗೂ ಹಾಸ್ಯಪ್ರಜ್ಞೆಯಿದೆ.

ಮೂರನೆಯದು ದತ್ತಾಂಶವನ್ನು ಎತ್ತಿಕೊಳ್ಳುವುದು. ನಮ್ಮ 16550ರಲ್ಲಿ ಒಂದೇ ಅಕ್ಷರ ಓದಿ ಹಿಂದಿರುಗಿದರೆ ಸಾಲದು. ಖಾನೆಗಳು ಖಾಲಿಯಾಗುವವರೆಗೆ ಓದಬೇಕು. ಓದಿದ್ದನ್ನು ವೃತ್ತಾಕಾರದ ಸರದಿಯೊಂದರಲ್ಲಿ ಇಡುತ್ತಾರೆ. ಹಾಕುವ ಜಾಗವನ್ನು ಸೂಚಿಸುವ ಮುಳ್ಳು ಒಂದು, ತೆಗೆಯುವ ಜಾಗದ ಮುಳ್ಳು ಇನ್ನೊಂದು. ಹಾಕುವ ಮುಳ್ಳನ್ನು ಹ್ಯಾಂಡ್ಲರ್ ಮಾತ್ರ ಚಲಿಸುತ್ತದೆ, ತೆಗೆಯುವ ಮುಳ್ಳನ್ನು ಓದುಗ ಕ್ರಮವಿಧಿ ಮಾತ್ರ. ಒಂದು ಮುಳ್ಳಿಗೆ ಇಬ್ಬರು ಕೈಹಾಕದ ಕಾರಣ, ಹಾಕುವವರೊಬ್ಬರು ತೆಗೆಯುವವರೊಬ್ಬರು ಇರುವಲ್ಲಿ ಬೀಗವೇ ಬೇಡ. ಅಕ್ಷರವನ್ನು ಇಟ್ಟ ಮೇಲೆಯೇ ಮುಳ್ಳು ಸರಿಯಬೇಕು ಎಂಬ ಅನುಕ್ರಮವನ್ನು ಮಾತ್ರ ಪಾಲಿಸಬೇಕು. ಇಂದಿನ ಪ್ರೊಸೆಸರ್‌ಗಳೂ ಕಂಪೈಲರ್‌ಗಳೂ ವೇಗಕ್ಕಾಗಿ ಬರಹಗಳ ಅನುಕ್ರಮವನ್ನು ಬದಲಿಸಬಲ್ಲವಾದ್ದರಿಂದ, ನಡುವೆ ‘ಇದನ್ನು ದಾಟಬೇಡ’ ಎಂಬ ತಡೆಯಾಜ್ಞೆಯನ್ನೂ ಬರೆಯಬೇಕಾಗುತ್ತದೆ.

ಟಪಾಲು ಗುಮಾಸ್ತನ ನೀತಿ

ಹ್ಯಾಂಡ್ಲರ್ ನಡೆಯುವಾಗ ಕನಿಷ್ಠ ಅದರ ತಂತಿ ಮುಚ್ಚಿರುತ್ತದೆ, ಲಿನಕ್ಸ್‌ನಲ್ಲಿ ಆ ಪ್ರೊಸೆಸರಿನ ಉಳಿದ ಸಾಧಾರಣ ಕರೆಗಳೂ ಮುಚ್ಚಿರುತ್ತವೆ. ಆದ್ದರಿಂದ ಅದು ಬೇಗ ಮುಗಿಯಬೇಕು. ಡಿಸ್ಕಿನ ಹ್ಯಾಂಡ್ಲರ್ ಅರ್ಧ ಮಿಲಿಸೆಕೆಂಡ್ ತೆಗೆದುಕೊಂಡರೆ, ನಾವು ಲೆಕ್ಕ ಹಾಕಿದ 260 ಮೈಕ್ರೋಸೆಕೆಂಡ್ ಎಲ್ಲಿ ಉಳಿಯಿತು? ಅಕ್ಷರ ಕಳೆದುಕೊಂಡದ್ದು ಸೀರಿಯಲ್ ಪೋರ್ಟ್, ತಪ್ಪು ಡಿಸ್ಕಿನ ಡ್ರೈವರ್‌ನದು. ಇಂಥ ದೋಷವನ್ನು ಹುಡುಕುವವರು ನಿರಪರಾಧಿಯನ್ನೇ ತಿಂಗಳುಗಟ್ಟಲೆ ವಿಚಾರಣೆ ಮಾಡುತ್ತಿರುತ್ತಾರೆ.

ಇದಕ್ಕೆ ಪರಿಹಾರ ಕೆಲಸವನ್ನು ಎರಡಾಗಿ ಒಡೆಯುವುದು. ಕಚೇರಿಯ ಟಪಾಲು ಗುಮಾಸ್ತರು ಪತ್ರ ಪಡೆದು, ಮೊಹರು ಒತ್ತಿ, ತಟ್ಟೆಯಲ್ಲಿಡುತ್ತಾರೆ; ಉತ್ತರ ಬರೆಯುವುದು ಬೇರೆಯವರು. ಹಾಗೆಯೇ ಮೇಲರ್ಧ ಸಾಧನಕ್ಕೆ ಓಗೊಟ್ಟು ದತ್ತಾಂಶವನ್ನು ಎತ್ತಿಡುತ್ತದೆ. ಕೆಳಾರ್ಧ ನಂತರ, ಬಾಗಿಲು ತೆರೆದಿರುವಾಗ, ಅದನ್ನು ಬಿಡಿಸಿ ನೋಡುತ್ತದೆ. ಈ ಕೆಳಾರ್ಧಕ್ಕೆ ಲಿನಕ್ಸ್‌ನಲ್ಲಿ ಕಾಲಕಾಲಕ್ಕೆ ಹಲವು ವೇಷಗಳಾದವು. 2009ರಿಂದ ಇಡೀ ಹ್ಯಾಂಡ್ಲರನ್ನೇ ಒಂದು ಪ್ರತ್ಯೇಕ ಎಳೆಯಾಗಿ, ಅಂದರೆ ಥ್ರೆಡ್ ಆಗಿ ನಡೆಸುವ ಅನುಕೂಲವೂ ಇದೆ. ಕಾಲದ ಖಾತರಿ ಬೇಕಾದ ನಿಯಂತ್ರಣ ವ್ಯವಸ್ಥೆಗಳಿಗಾಗಿ ಬಹುತೇಕ ಎಲ್ಲ ಹ್ಯಾಂಡ್ಲರ್‌ಗಳನ್ನೂ ಹೀಗೆ ಎಳೆಗಳಾಗಿಸುವ ಏರ್ಪಾಡು ಬಹುವರ್ಷ ಹೊರಗಿನ ತೇಪೆಯಾಗಿಯೇ ಇದ್ದು, ಆಮೇಲೆ ಮುಖ್ಯ ಕರ್ನೆಲ್‌ಗೆ ಸೇರಿತು.

ಮೇಲರ್ಧಕ್ಕೆ ಇನ್ನೊಂದು ಕಟ್ಟುನಿಟ್ಟಾದ ನಿಯಮ: ಅದು ನಿದ್ರಿಸುವಂತಿಲ್ಲ. ಸಾಮಾನ್ಯ ಕ್ರಮವಿಧಿಗೆ ಡಿಸ್ಕಿನಿಂದ ಏನಾದರೂ ಬರಬೇಕಿದ್ದರೆ ಅದನ್ನು ಮಲಗಿಸಿ ಬೇರೊಂದನ್ನು ನಡೆಸುತ್ತಾರೆ. ಮಲಗಿದವರಿಗೆ ಒಂದು ಹೆಸರಿರುತ್ತದೆ. ಹೆಸರು ಹಿಡಿದು ಎಬ್ಬಿಸಬಹುದು. ಹ್ಯಾಂಡ್ಲರ್‌ಗೆ ಹೆಸರಿಲ್ಲ. ಆ ಕ್ಷಣ ಯಾವ ಕ್ರಮವಿಧಿ ನಡೆಯುತ್ತಿತ್ತೋ ಅದರ ಮೈಮೇಲೆ ಬಂದ ದೈವದಂತೆ ಅದು ಕೆಲಸ ಮಾಡುತ್ತದೆ. ಅದು ಮಲಗಿದರೆ ಸಂಬಂಧವೇ ಇಲ್ಲದ ಆ ಕ್ರಮವಿಧಿಯೂ ಮಲಗಬೇಕಾಗುತ್ತದೆ. ಆದ್ದರಿಂದ ಸ್ಮೃತಿಯಲ್ಲಿ ಜಾಗ ಕೇಳುವಾಗಲೂ ಹ್ಯಾಂಡ್ಲರ್ ‘ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲವೆನ್ನು, ಕಾಯಿಸಬೇಡ’ ಎಂಬ ಷರತ್ತಿನಿಂದಲೇ ಕೇಳಬೇಕು.

ಮೂರು ಗಂಟೆಗೊಮ್ಮೆ ಬರುವ ದೋಷ

ಈಗ ಡೈಕ್‌ಸ್ಟ್ರಾ ಹೆದರಿದ ದೋಷವನ್ನು ಕಣ್ಣಾರೆ ನೋಡೋಣ. ಉಪಕರಣಕ್ಕೆ ಪ್ರಶ್ನೆ ಕಳಿಸಿ ಉತ್ತರ ಓದುವ ಕ್ರಮವಿಧಿಯೊಂದಿದೆ. ಅದರ ನಡೆ ಹೀಗೆ: ಸರದಿ ಖಾಲಿಯೇ ಎಂದು ನೋಡು, ಖಾಲಿಯಾದರೆ ಮಲಗು. ಉತ್ತರ ಬಂದಾಗ ಹ್ಯಾಂಡ್ಲರ್ ಅದನ್ನು ಸರದಿಯಲ್ಲಿಟ್ಟು ಮಲಗಿದವರನ್ನು ಎಬ್ಬಿಸುತ್ತದೆ. ಮೇಲುನೋಟಕ್ಕೆ ಕುಂದಿಲ್ಲ.

ಆದರೆ ‘ಖಾಲಿ’ ಎಂದು ಕಂಡುಕೊಂಡ ಕ್ಷಣಕ್ಕೂ ಮಲಗುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಸಂದು ಇದೆ. ಉತ್ತರ ಸರಿಯಾಗಿ ಆ ಸಂದಿನಲ್ಲಿ ಬಂದರೆ? ಹ್ಯಾಂಡ್ಲರ್ ಅಕ್ಷರವನ್ನಿಟ್ಟು ‘ಏಳಿ’ ಎನ್ನುತ್ತದೆ. ಮಲಗಿದವರು ಯಾರೂ ಇಲ್ಲ, ಕೂಗು ವ್ಯರ್ಥ. ಹ್ಯಾಂಡ್ಲರ್ ಹಿಂದಿರುಗಿದ ಮೇಲೆ ಕ್ರಮವಿಧಿ ನಿಶ್ಚಿಂತೆಯಿಂದ ಮಲಗುತ್ತದೆ. ಉಪಕರಣ ಮುಂದಿನ ಪ್ರಶ್ನೆಗೆ ಕಾಯುತ್ತದೆ, ಕ್ರಮವಿಧಿ ಆಗಲೇ ಬಂದಿರುವ ಉತ್ತರಕ್ಕೆ ಕಾಯುತ್ತದೆ. ಇಬ್ಬರೂ ಕೊನೆಯಿಲ್ಲದಂತೆ ಕಾಯುತ್ತಿರುತ್ತಾರೆ.

ಇದರ ಸಂಭಾವ್ಯತೆ ಎಷ್ಟು? ಸಂದಿನ ಅಗಲ 0.1 ಮೈಕ್ರೋಸೆಕೆಂಡ್ ಇರಲಿ. ಉತ್ತರವು ಪ್ರಶ್ನೆಯ ನಂತರದ 10 ಮಿಲಿಸೆಕೆಂಡ್‌ಗಳಲ್ಲಿ ಯಾವಾಗ ಬೇಕಾದರೂ ಬರಬಹುದೆನ್ನೋಣ. ಆಗ ಒಂದು ಪ್ರಶ್ನೆಗೆ ಅಪಾಯ ಲಕ್ಷಕ್ಕೆ ಒಂದು. ಸೆಕೆಂಡಿಗೆ 10 ಪ್ರಶ್ನೆಗಳಾದರೆ ಸರಾಸರಿ 10,000 ಸೆಕೆಂಡಿಗೆ ಒಮ್ಮೆ, ಅಂದರೆ 2 ಗಂಟೆ 47 ನಿಮಿಷಕ್ಕೊಮ್ಮೆ ಗಣಕ ನಿಲ್ಲುತ್ತದೆ. ಎರಡು ಕಣ ಶೋಧಕಗಳಲ್ಲಿ ಆಕಸ್ಮಿಕವಾಗಿ ಒಟ್ಟಿಗೆ ಬೀಳುವ ಮಿಡಿತಗಳನ್ನು ಲೆಕ್ಕ ಹಾಕುವುದೂ ಇದೇ ತರ್ಕದಿಂದ. ಡ್ರೈವರ್ ಬರೆದವರು ಹತ್ತು ನಿಮಿಷ ಪರೀಕ್ಷಿಸಿ ತೃಪ್ತರಾಗಿರುತ್ತಾರೆ. ಮೂರು ಗಂಟೆಯ ಪ್ರಯೋಗಕ್ಕೆ ಕುಳಿತ ವಿದ್ಯಾರ್ಥಿ ಕೊನೆಯ ಹೊತ್ತಿಗೆ ತಲೆ ಮೇಲೆ ಕೈ ಹೊರುತ್ತಾಳೆ. ವೇಗದ ಪ್ರೊಸೆಸರ್ ತಂದರೆ ಸಂದು ಹತ್ತನೇ ಒಂದು ಪಾಲಾಗಿ, ದೋಷ 28 ಗಂಟೆಗೊಮ್ಮೆ ಬರುತ್ತದೆ. ಇದು ಸುಧಾರಣೆಯಲ್ಲ, ದೋಷ ಹಿಡಿಯುವುದು ಇನ್ನೂ ಕಷ್ಟವಾಯಿತಷ್ಟೆ.

ಪರಿಹಾರ ಅನುಕ್ರಮವನ್ನು ತಿರುಗಿಸುವುದರಲ್ಲಿದೆ. ‘ನಾನು ಮಲಗಲಿದ್ದೇನೆ’ ಎಂದು ಮೊದಲು ಪಟ್ಟಿಯಲ್ಲಿ ಹೆಸರು ಬರೆಸಿ, ಆಮೇಲೆ ಸರದಿ ಖಾಲಿಯೇ ಎಂದು ನೋಡಬೇಕು. ಈಗ ಉತ್ತರ ಸಂದಿನಲ್ಲಿ ಬಂದರೂ ಹ್ಯಾಂಡ್ಲರ್‌ನ ಕೂಗು ಪಟ್ಟಿಯಲ್ಲಿರುವ ಹೆಸರಿಗೆ ತಾಗಿ, ಮಲಗುವ ಯತ್ನವೇ ರದ್ದಾಗುತ್ತದೆ. ಕರ್ನೆಲ್‌ನಲ್ಲಿ ಇದಕ್ಕಾಗಿ ಸಿದ್ಧ ಸೂತ್ರಗಳಿವೆ. ಅವನ್ನು ಬಿಟ್ಟು ಸ್ವಂತ ಬುದ್ಧಿವಂತಿಕೆ ತೋರಿಸುವುದು ಬೇಡ.

ಹ್ಯಾಂಡ್ಲರ್ ಮತ್ತು ಸಾಮಾನ್ಯ ಕ್ರಮವಿಧಿ ಇಬ್ಬರೂ ಬದಲಿಸುವ ದತ್ತಾಂಶವಿದ್ದರೆ ಬೀಗ ಬೇಕೇ ಬೇಕು. ಅಲ್ಲೂ ಒಂದು ಬಲೆ ಇದೆ. ಕ್ರಮವಿಧಿ ಬೀಗ ಹಾಕಿ ಒಳಗಿರುವಾಗ ಅದೇ ಪ್ರೊಸೆಸರಿನಲ್ಲಿ ಕರೆ ಬಂದು ಹ್ಯಾಂಡ್ಲರ್ ಅದೇ ಬೀಗಕ್ಕೆ ಕಾದರೆ ಏನಾಗುತ್ತದೆ? ಬೀಗ ತೆಗೆಯಬೇಕಾದವರು ಹ್ಯಾಂಡ್ಲರ್‌ನ ಕೆಳಗೆ ಸಿಕ್ಕಿಬಿದ್ದಿದ್ದಾರೆ, ಹ್ಯಾಂಡ್ಲರ್ ಅವರಿಗಾಗಿ ಕಾಯುತ್ತಿದೆ. ಆದ್ದರಿಂದ ಇಂಥ ಬೀಗ ಹಾಕುವ ಮುನ್ನ ಆ ಪ್ರೊಸೆಸರಿನ ಕರೆಗಳನ್ನು ಮುಚ್ಚಬೇಕು, ತೆಗೆದ ಮೇಲೆ ಮೊದಲಿದ್ದ ಸ್ಥಿತಿಗೆ ತರಬೇಕು. ‘ತೆರೆಯಬೇಕು’ ಎನ್ನಲಿಲ್ಲ, ಗಮನಿಸಿ. ಮೊದಲೇ ಮುಚ್ಚಿದ್ದರೆ ಮುಚ್ಚಿಯೇ ಇರಬೇಕು.

ಎಣಿಕೆಗೆ ಇಂಟರಪ್ಟ್ ಏಕೆ ಸಲ್ಲದು

ಗೈಗರ್ ಮುಲ್ಲರ್ ನಳಿಗೆ ಒಂದು ಮೃತಕಾಲವಿದೆ. ಒಂದು ಕಣವನ್ನು ಗುರುತಿಸಿದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಅದು ಕುರುಡು. ಸೆಕೆಂಡಿಗೆ 1,000 ಎಣಿಸಿದರೆ ನಳಿಗೆ ಒಟ್ಟು 0.1 ಸೆಕೆಂಡ್ ಕುರುಡಾಗಿತ್ತು. ಹಾಗಾಗಿ ನಿಜವಾದ ದರ 1,000ವನ್ನು 0.9ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1,111. ಇಂಟರಪ್ಟ್ ಮುಚ್ಚಿರುವ ಪ್ರೊಸೆಸರಿಗೂ ಮೃತಕಾಲವಿದೆ. ವ್ಯತ್ಯಾಸವೆಂದರೆ, ನಿಯಂತ್ರಕವು ಪ್ರತಿ ತಂತಿಗೆ ಒಂದು ಬಾಕಿ ಕರೆಯನ್ನು ನೆನಪಿಟ್ಟುಕೊಳ್ಳುತ್ತದೆ. ಒಂದನ್ನು ಮಾತ್ರ. ಮುಚ್ಚಿದ ಅವಧಿಯಲ್ಲಿ ಎರಡು ಮಿಡಿತ ಬಂದರೂ ಹತ್ತು ಬಂದರೂ ಅದು ಒಂದೇ ಕರೆ.

ಶೋಧಕದ ಮಿಡಿತವನ್ನು ನೇರವಾಗಿ ಇಂಟರಪ್ಟಿಗೆ ಕಟ್ಟಿ, ಹ್ಯಾಂಡ್ಲರ್‌ನಲ್ಲಿ ಒಂದೊಂದೇ ಕೂಡಿಸುತ್ತಾ ಹೋಗುವ ಉಪಾಯ ಅನೇಕರಿಗೆ ಹೊಳೆಯುತ್ತದೆ. ಸೆಕೆಂಡಿಗೆ ಸರಾಸರಿ 10,000 ಮಿಡಿತಗಳು ಯಾದೃಚ್ಛಿಕವಾಗಿ ಬರುತ್ತಿದ್ದು, ಕರೆಗಳು 50 ಮೈಕ್ರೋಸೆಕೆಂಡ್ ಮುಚ್ಚಿದ್ದವೆನ್ನಿ. ಆ ಅವಧಿಗೆ ಸರಾಸರಿ ಅರ್ಧ ಮಿಡಿತ. ಪ್ವಾಸೋನ್ ಸೂತ್ರದ ಪ್ರಕಾರ ಎರಡು ಅಥವಾ ಹೆಚ್ಚು ಮಿಡಿತ ಬರುವ ಸಂಭಾವ್ಯತೆ ಶೇಕಡಾ 9. ಅಂದರೆ ಅಂಥ 100 ಅವಧಿಗಳಲ್ಲಿ 9ರಲ್ಲಿ ಎಣಿಕೆ ತಪ್ಪುತ್ತದೆ. ಗೈಗರ್ ನಳಿಗೆಯ ಮೃತಕಾಲ ಬಹುಮಟ್ಟಿಗೆ ಸ್ಥಿರ, ತಿದ್ದುಪಡಿ ಸಾಧ್ಯ. ಪ್ರೊಸೆಸರಿನದು ಬೇರೆ ಡ್ರೈವರ್‌ಗಳು ಏನು ಮಾಡುತ್ತಿವೆ ಎಂಬುದರ ಮೇಲೆ ನಿಂತಿದೆ, ತಿದ್ದುಪಡಿಗೂ ಸಿಗುವುದಿಲ್ಲ. ಎಣಿಸುವ ಕೆಲಸವನ್ನು ಯಂತ್ರಾಂಶದ ಎಣಿಕೆಗಾರನಿಗೆ ಬಿಟ್ಟು, ಕರೆ ಬಂದಾಗ ಅದರ ಮೊತ್ತವನ್ನು ಓದಿಕೊಳ್ಳುವುದೇ ಸರಿಯಾದ ದಾರಿ. ಕರೆ ಬಂತು ಎಂದರೆ ‘ಏನೋ ಆಗಿದೆ, ಹೋಗಿ ನೋಡು’ ಎಂದಷ್ಟೇ ತಿಳಿಯಬೇಕು.

ಕರೆಗಳು ಮಿತಿಮೀರಿದರೆ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ. ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಪದವಿ ಪಡೆದವರು. ಜಾಲದ ಪೊಟ್ಟಣಗಳನ್ನು ಒಂದು ಕಡೆಯಿಂದ ಪಡೆದು, ಪರಿಶೀಲಿಸಿ, ಇನ್ನೊಂದು ಕಡೆಗೆ ದಾಟಿಸುವ ಗಣಕ ಅವರ ವಸ್ತು. ಸೆಕೆಂಡಿಗೆ ಸುಮಾರು 2,000 ಪೊಟ್ಟಣಗಳವರೆಗೆ ಬಂದಷ್ಟೂ ದಾಟುತ್ತಿದ್ದವು. ಆಮೇಲೆ ಹೆಚ್ಚು ಬಂದಷ್ಟೂ ದಾಟುವುದು ಕಡಿಮೆಯಾಗುತ್ತಾ ಹೋಗಿ, ಸುಮಾರು 6,000ಕ್ಕೆ ಸೊನ್ನೆಯಾಯಿತು! ಗಣಕ ಪೂರ್ಣ ವೇಗದಲ್ಲಿ ದುಡಿಯುತ್ತಿತ್ತು, ಫಲ ಮಾತ್ರ ಶೂನ್ಯ.

ಈ ಎರಡು ಅಂಕಿಗಳಿಂದಲೇ ಒಳಗಿನ ಕಥೆಯನ್ನು ಊಹಿಸಬಹುದು. 6,000 ಕರೆಗಳು ಪ್ರೊಸೆಸರಿನ ಇಡೀ ಸೆಕೆಂಡನ್ನು ತಿಂದುಹಾಕಿದವೆಂದರೆ ಒಂದು ಪೊಟ್ಟಣವನ್ನು ಬರಮಾಡಿಕೊಳ್ಳಲು ಸುಮಾರು 167 ಮೈಕ್ರೋಸೆಕೆಂಡ್. 2,000ಕ್ಕೆ ಶಕ್ತಿ ತುಂಬಿತೆಂದರೆ ಒಂದರ ಒಟ್ಟು ಖರ್ಚು 500, ಹಾಗಾಗಿ ದಾಟಿಸುವ ಖರ್ಚು 333. ಈಗ 4,000 ಬಂದರೆ? ಬರಮಾಡಿಕೊಳ್ಳಲು ಸೆಕೆಂಡಿನ ಮೂರನೇ ಎರಡು ಭಾಗ ಹೋಗುತ್ತದೆ. ಉಳಿದ ಮೂರನೇ ಒಂದರಲ್ಲಿ 1,000 ಮಾತ್ರ ದಾಟುತ್ತವೆ. ಬರಮಾಡಿಕೊಂಡ ಉಳಿದ 3,000ವನ್ನು ಎಸೆಯಬೇಕು. ಅತಿ ತೀವ್ರ ವಿಕಿರಣದಲ್ಲಿ ಗೈಗರ್ ಗಣಕ ಎಣಿಕೆಯನ್ನೇ ನಿಲ್ಲಿಸಿ ಸುಳ್ಳು ಸಮಾಧಾನ ಹೇಳಬಹುದೆಂದು ನಾವು ವಿದ್ಯಾರ್ಥಿಗಳಿಗೆ ಎಚ್ಚರಿಸುತ್ತೇವಲ್ಲ, ಇದೂ ಅದೇ ಸ್ವಭಾವ. ವಕ್ರರೇಖೆಯ ಆಕಾರ ಮಾತ್ರ ಬೇರೆ.

ಅವರು ಸೂಚಿಸಿದ ಪರಿಹಾರದಲ್ಲಿ ಹಾಲೂ ಇದೆ, ಕುಕ್ಕರೂ ಇದೆ. ಮೊದಲ ಕರೆ ಬಂದಾಗ ಹ್ಯಾಂಡ್ಲರ್ ಆ ಸಾಧನದ ಮುಂದಿನ ಕರೆಗಳನ್ನು ನಿಲ್ಲಿಸುತ್ತದೆ. ಆಮೇಲೆ ಕರ್ನೆಲ್ ತಾನೇ ಹೋಗಿ ಪೊಟ್ಟಣಗಳನ್ನು ತರುತ್ತದೆ, ಒಂದು ಸರದಿಗೆ ಇಷ್ಟೇ ಎಂಬ ಮಿತಿಯೊಡನೆ. ಖಾಲಿಯಾದಾಗ ಕರೆಗಳನ್ನು ಮತ್ತೆ ತೆರೆಯುತ್ತದೆ. ಹೊರೆ ಹೆಚ್ಚಾದರೆ ಹೆಚ್ಚಿನವು ಸಾಧನದಲ್ಲೇ ಬಿದ್ದುಹೋಗುತ್ತವೆ, ಪ್ರೊಸೆಸರಿನ ಕಾಲ ಖರ್ಚಾಗುವುದಿಲ್ಲ. 2001ರ ಸುಮಾರಿಗೆ ಲಿನಕ್ಸ್‌ನ ಜಾಲ ಡ್ರೈವರ್‌ಗಳಿಗೂ ಇದೇ ಬಗೆಯ ವಿಧಾನ ಬಂತು. ಅಲ್ಲಿ ಒಂದು ಸರದಿಯ ಮಿತಿ ಸಾಮಾನ್ಯವಾಗಿ 64 ಪೊಟ್ಟಣ. ಸೆಕೆಂಡಿಗೆ 10 ಗಿಗಾಬಿಟ್‌ನ ಜಾಲದಲ್ಲಿ ಅತಿ ಸಣ್ಣ ಪೊಟ್ಟಣಗಳು 67 ನ್ಯಾನೋಸೆಕೆಂಡಿಗೊಂದರಂತೆ ಬರಬಲ್ಲವು. ಪೊಟ್ಟಣಕ್ಕೊಂದು ಕರೆ ಎಂಬುದು ಅಲ್ಲಿ ಯೋಚಿಸುವ ಮಾತೇ ಅಲ್ಲ.

ನಿಮ್ಮ ಗಣಕದಲ್ಲಿ ಲಿನಕ್ಸ್ ಇದ್ದರೆ ಇದನ್ನೆಲ್ಲ ಒಂದು ಪುಟದಲ್ಲಿ ನೋಡಬಹುದು. ಪ್ರಾಕ್ ಎಂಬ ಕಡತಕೋಶದಲ್ಲಿರುವ ಇಂಟರಪ್ಟ್ಸ್ ಎಂಬ ಕಡತವನ್ನು ತೆರೆಯಿರಿ. ಪ್ರತಿ ಸಾಲು ಒಂದು ಕರೆ, ಪ್ರತಿ ಕಂಬ ಒಂದು ಪ್ರೊಸೆಸರ್, ಅಂಕಿಗಳು ಗಣಕ ಚಾಲೂ ಆದಂದಿನಿಂದ ಬಂದ ಕರೆಗಳ ಮೊತ್ತ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆ ಇನ್ನೂ ಹಳೆಯ ಒಂದನೇ ತಂತಿಯಲ್ಲೇ ಇದೆ. ಒಂದು ಅಕ್ಷರದ ಕೀಲಿಯನ್ನು ಒತ್ತಿ ಬಿಟ್ಟು ಕಡತವನ್ನು ಮತ್ತೆ ಓದಿ: ಒತ್ತಿದ್ದಕ್ಕೊಂದು, ಬಿಟ್ಟದ್ದಕ್ಕೊಂದು, ಒಟ್ಟು ಎರಡು ಹೆಚ್ಚಿರುತ್ತದೆ. ಕಡತ ಓದಲು ನೀವು ಒತ್ತಿದ ಕೀಲಿಗಳ ಲೆಕ್ಕವನ್ನು ಕಳೆಯಲು ಮರೆಯಬೇಡಿ. ಬಾಣದ ಕೀಲಿಯಾದರೆ ಸಾಮಾನ್ಯವಾಗಿ ನಾಲ್ಕು, ಏಕೆಂದರೆ ಅದರ ಸಂಕೇತ ಎರಡು ಬೈಟ್‌ಗಳದು. ಯುಎಸ್‌ಬಿ ಕೀಲಿಮಣೆಯಲ್ಲಿ ಈ ಪ್ರಯೋಗ ನಡೆಯದು. ಅದು ತಾನಾಗಿ ಕರೆಯಲಾರದು. ಯುಎಸ್‌ಬಿ ನಿಯಂತ್ರಕವೇ ಕೆಲವು ಮಿಲಿಸೆಕೆಂಡಿಗೊಮ್ಮೆ ‘ಏನಾದರೂ ಇದೆಯೇ’ ಎಂದು ಅದನ್ನು ಕೇಳುತ್ತಿರುತ್ತದೆ, ಇದ್ದರೆ ಮಾತ್ರ ಪ್ರೊಸೆಸರನ್ನು ಕರೆಯುತ್ತದೆ. ಯುಎಸ್‌ಬಿ ನಿಯಮಾವಳಿಯಲ್ಲಿ ಈ ವಿಚಾರಣೆಗೆ ಇಟ್ಟಿರುವ ಹೆಸರು ಇಂಟರಪ್ಟ್ ವರ್ಗಾವಣೆ!